‘ಕಟ್’ ಎಂಬ ಸದ್ದಿನ ಪೂರ್ವೋತ್ತರ

ಬಾನುಲಿಯಲ್ಲಿ ಮಾತನಾಡುವವನು ಚಿತ್ರ ತೋರಿಸಲಾರ, ನಕ್ಷೆ ಬರೆಯಲಾರ. ಅವನ ಬಂಡವಾಳವೆಲ್ಲ ಸದ್ದೇ. ಆದುದರಿಂದ ಇಂದು ನಾನು ಆರಿಸಿಕೊಂಡಿರುವ ವಿಷಯವೂ ಒಂದು ಸದ್ದು. ಅಮೆರಿಕದ ಉತ್ತರ ಭಾಗದ ಒಂದು ಹೊಲಮನೆಯ ಅಂಗಳವನ್ನು ಕಲ್ಪಿಸಿಕೊಳ್ಳಿ. ಚಳಿಗಾಲದ ಬೆಳಗು; ರಾತ್ರಿಯೆಲ್ಲ ಹಿಮ ಸುರಿದಿದೆ. ಒಬ್ಬ ರೈತ ತನ್ನ ಪಿಕಪ್ ಟ್ರಕ್ಕನ್ನು ಹೊರಡಿಸಲು ಬಂದಿದ್ದಾನೆ. ಮುಂದೆ ಇಬ್ಬರು ಮೂವರು ಕೂರುವ ಗೂಡು, ಹಿಂದೆ ಹುಲ್ಲು, ಗೊಬ್ಬರ, ಕರು, ಕಬ್ಬಿಣ ಏನನ್ನು ಬೇಕಾದರೂ ಹೇರಬಹುದಾದ ತೆರೆದ ತೊಟ್ಟಿ, ಇದಿಷ್ಟೇ ಆ ವಾಹನದ ಸ್ವರೂಪ. ಅವನು ಬೀಗದ ಕೈಯನ್ನು ತಿರುವುತ್ತಾನೆ. ಎಂಜಿನ್ನು ಗುಡುಗುವುದಿಲ್ಲ. ಬದಲಿಗೆ ಮೂತಿಯ ಒಳಗೆಲ್ಲೋ ‘ಕಟ್’ ಎಂದು ಒಂದು ಸದ್ದು. ಮತ್ತೆ ತಿರುವುತ್ತಾನೆ; ಮತ್ತೆ ‘ಕಟ್’. ಅಷ್ಟೇ.

ಈ ಘಳಿಗೆಯಲ್ಲಿ ಮನುಷ್ಯನಿಗೆ ಮೊದಲು ಬರುವುದು ಸಿಟ್ಟು, ಅದರ ಬೆನ್ನಿಗೆ ಖರ್ಚಿನ ಯೋಚನೆ. ಹೊಸ ಬ್ಯಾಟರಿ ತರಬೇಕೆ, ಹೊಸ ಸ್ಟಾರ್ಟರು ಹಾಕಿಸಬೇಕೆ? ಒಳ್ಳೆಯ ಬ್ಯಾಟರಿಗಳೂ ಒಳ್ಳೆಯ ಸ್ಟಾರ್ಟರುಗಳೂ ಎಷ್ಟೋ ಸಲ ಹೀಗೆ ಬೀಳುಬೆಲೆಗೆ ಗುಜರಿಯ ಪಾಲಾಗುತ್ತವೆ. ನಿಜವಾದ ದೋಷ ಚಿಟಿಕೆಯಷ್ಟು ಕಿಲುಬಾಗಿದ್ದು ಅಲ್ಲಿಯೇ ಉಳಿಯುತ್ತದೆ. ಆ ರೈತನು ತನಗೆ ಉತ್ತರ ಬರಲಿಲ್ಲವೆಂದು ತಿಳಿಯುತ್ತಾನೆ. ಆದರೆ ಉತ್ತರ ಬಂದಿದೆ. ಪೂರ್ಣ ಮೌನ ಬೇರೆ, ‘ಕಟ್’ ಎನ್ನುವುದು ಬೇರೆ. ಬೀಗದ ಕೈಯಿಂದ ಎಂಜಿನ್ನಿನವರೆಗೆ ಒಬ್ಬರ ಕಿವಿಯಲ್ಲಿ ಇನ್ನೊಬ್ಬರು ಸುದ್ದಿ ಹೇಳುವ ಸೇವಕರ ಸಾಲೊಂದು ನಿಂತಿದೆ. ಅದರಲ್ಲಿ ಇಂಥವನವರೆಗೆ ಸುದ್ದಿ ಮುಟ್ಟಿತು, ಮುಂದೆ ಮುಟ್ಟಲಿಲ್ಲ ಎಂಬ ಸಾಕ್ಷ್ಯವೇ ಆ ಸದ್ದು. ಈ ಸೇವಕರು ಯಾರು, ಯಾವ ಕಾಲದಲ್ಲಿ ಯಾವ ಕಾರಣಕ್ಕಾಗಿ ಒಬ್ಬೊಬ್ಬರಾಗಿ ನೇಮಕಗೊಂಡರು ಎಂಬುದನ್ನು ತಿಳಿಯದೆ ಸಾಕ್ಷ್ಯವನ್ನು ಓದುವುದು ಕಷ್ಟ. ರೋಗನಿದಾನಕ್ಕೆ ಇತಿಹಾಸ ಬೇಕಾಗುವುದು ವೈದ್ಯರಿಗೆ ಮಾತ್ರವಲ್ಲ.

ಮೊದಲು ಸೇವಕರೇ ಇರಲಿಲ್ಲ, ತೋಳೊಂದೇ ಇತ್ತು. ಮೋಟಾರು ವಾಹನದ ಮೊದಲ ದಶಕಗಳಲ್ಲಿ ಎಂಜಿನ್ನನ್ನು ಎಬ್ಬಿಸಬೇಕಾದರೆ ವಾಹನದ ಮುಂದೆ ನಿಂತು, ಬಾಗಿದ ಕಬ್ಬಿಣದ ಹಿಡಿಯೊಂದನ್ನು ಮೂತಿಯೊಳಗೆ ತೂರಿಸಿ, ಮೈಯ ಬಲವನ್ನೆಲ್ಲ ಹಾಕಿ ತಿರುಗಿಸಬೇಕಿತ್ತು. ನಮ್ಮ ಕಡೆಯ ಹಳೆಯ ಬಸ್ಸುಗಳಿಗೆ ‘ಹ್ಯಾಂಡಲ್ ಹೊಡೆಯುವುದು’ ಎನ್ನುತ್ತಿದ್ದೆವಲ್ಲ, ಅದೇ. ಪೆಟ್ರೋಲ್ ಎಂಜಿನ್ನು ಉಗಿಯಂತ್ರದ ಹಾಗಲ್ಲ. ತನ್ನ ಮೊದಲ ಉಸಿರನ್ನು ತಾನೇ ಎಳೆದುಕೊಳ್ಳಲಾರದು. ಯಾರಾದರೂ ಅದನ್ನು ಹೊರಗಿನಿಂದ ಸುತ್ತಿಸಿ, ಗಾಳಿಯನ್ನೂ ಪೆಟ್ರೋಲಿನ ಆವಿಯನ್ನೂ ಒಳಗೆಳೆಸಿ, ಅದುಮಿಸಿ, ಕಿಡಿ ಮುಟ್ಟಿಸಬೇಕು. ಆಮೇಲೆ ಅದು ಸ್ವತಂತ್ರ.

ಈ ಕೆಲಸದಲ್ಲಿ ಒಂದು ಅಪಾಯವಿತ್ತು. ಕಿಡಿ ಹಾರುವ ಹೊತ್ತನ್ನು ಹಿಂದು ಮುಂದು ಮಾಡಲು ಚಾಲಕನ ಕೈಗೆ ಒಂದು ಸನ್ನೆ ಇರುತ್ತಿತ್ತು. ಹ್ಯಾಂಡಲ್ ಹೊಡೆಯುವ ಮುನ್ನ ಅದನ್ನು ತಡವಾದ ಕಡೆಗೆ ಸರಿಸಿರಬೇಕು. ಮರೆತರೆ, ಕೊಂತ ಮೇಲೇರುತ್ತಿರುವಾಗಲೇ ಕಿಡಿ ಹಾರಿ, ಎಂಜಿನ್ನು ಹಿಮ್ಮುಖವಾಗಿ ಒದೆಯುತ್ತಿತ್ತು. ಕಬ್ಬಿಣದ ಹಿಡಿ ಮನುಷ್ಯನ ಮಣಿಕಟ್ಟನ್ನು ಮುರಿಯುತ್ತಿತ್ತು. ಹೆಬ್ಬೆರಳನ್ನು ಹಿಡಿಯ ಸುತ್ತ ಸುತ್ತಬೇಡಿ, ಉಳಿದ ಬೆರಳುಗಳ ಪಕ್ಕದಲ್ಲಿಯೇ ಇಡಿ, ಕೆಳಕ್ಕೆ ಒತ್ತಬೇಡಿ, ಮೇಲಕ್ಕೆ ಎಳೆಯಿರಿ ಎಂದು ಬಲ್ಲವರು ಹೊಸಬರಿಗೆ ಉಪದೇಶಿಸುತ್ತಿದ್ದರು. ಮುಂಗೈ ಮೂಳೆಯ ತುದಿ ಬಿರಿಯುವ ಒಂದು ಬಗೆಯ ಮುರಿತಕ್ಕೆ ವೈದ್ಯಗ್ರಂಥಗಳಲ್ಲಿ ಇಂದಿಗೂ ‘ಷೋಫರನ ಮುರಿತ’ ಎಂಬ ಹೆಸರಿದೆ. ಹ್ಯಾಂಡಲ್ ಹೋಯಿತು, ಹೆಸರು ಮೂಳೆಯಲ್ಲಿ ಉಳಿಯಿತು.

ಆದರೂ ಆ ತೋಳಿಗೆ ಒಂದು ವಿದ್ಯೆಯಿತ್ತು. ಹ್ಯಾಂಡಲ್ ಎಷ್ಟು ಬಿಗಿಯಾಗಿದೆ ಎಂಬುದರಿಂದ ಎಣ್ಣೆ ಎಷ್ಟು ಹೆಪ್ಪುಗಟ್ಟಿದೆ ಎಂದು ಅವನಿಗೆ ತಿಳಿಯುತ್ತಿತ್ತು. ಒಂದು ಸುತ್ತಿನಲ್ಲಿ ಎಲ್ಲಿ ಎದುರೊತ್ತು ಬರುತ್ತದೆ, ಎಲ್ಲಿ ಬರುವುದಿಲ್ಲ ಎಂಬುದರಿಂದ ಯಾವುದೋ ಉರುಳೆಯ ಕವಾಟ ಸೋರುತ್ತಿದೆ ಎಂಬುದೂ ಗೊತ್ತಾಗುತ್ತಿತ್ತು. ವೈದ್ಯನು ನಾಡಿ ಹಿಡಿದಂತೆ ಅವನು ದಿನಕ್ಕೊಮ್ಮೆ ತನ್ನ ಎಂಜಿನ್ನಿನ ನಾಡಿ ಹಿಡಿಯುತ್ತಿದ್ದ.

ತೋಳಿಗೆ ಬದಲಿ ಹುಡುಕುವ ಪ್ರಯತ್ನ ಬಹಳ ಬೇಗ ಆರಂಭವಾಯಿತು. ಇಂಗ್ಲೆಂಡಿನಲ್ಲಿ ಎಚ್. ಜೆ. ಡೌಸಿಂಗ್ ಎಂಬ ಎಂಜಿನಿಯರು 1896ರಲ್ಲಿಯೇ ಆರ್ನಲ್ಡ್ ಎಂಬ ಕಾರಿಗೆ ವಿದ್ಯುತ್ ಮೋಟಾರನ್ನು ಜೋಡಿಸಿ ನೋಡಿದ. ಅಮೆರಿಕದ ಕ್ಲೈಡ್ ಕೋಲ್ಮನ್ 1903ರಲ್ಲಿ ವಿದ್ಯುತ್ ಸ್ಟಾರ್ಟರಿಗೆ ಪೇಟೆಂಟ್ ಪಡೆದ. ಅದುಮಿಟ್ಟ ಗಾಳಿಯಿಂದ, ಸುತ್ತಿಟ್ಟ ಸ್ಪ್ರಿಂಗಿನಿಂದ ಎಂಜಿನ್ನು ತಿರುಗಿಸುವ ಉಪಾಯಗಳೂ ಬಂದವು. ಯಾವುದೂ ಜನರ ಕೈಗೆ ಹತ್ತಲಿಲ್ಲ. ಎಂಜಿನ್ನನ್ನು ತಿರುಗಿಸಲು ಶಕ್ತವಾದ ವಿದ್ಯುತ್ ಮೋಟಾರನ್ನು ಲೆಕ್ಕದ ಪ್ರಕಾರ ಕಟ್ಟಹೊರಟರೆ ಅದೂ ಅದರ ಬ್ಯಾಟರಿಯೂ ಸೇರಿ ವಾಹನಕ್ಕೇ ಭಾರವಾಗುತ್ತಿದ್ದವು.

ಇಲ್ಲಿ ಪ್ರಸಿದ್ಧವಾದ ಒಂದು ಕಥೆ ಬರುತ್ತದೆ. ಡೆಟ್ರಾಯಿಟ್ ನಗರದ ಬೆಲ್ ಐಲ್ ಎಂಬ ನಡುಗಡ್ಡೆಯ ಸೇತುವೆಯ ಮೇಲೆ 1910ರ ಚಳಿಗಾಲದಲ್ಲಿ ಹೆಂಗಸೊಬ್ಬಳ ಕ್ಯಾಡಿಲಾಕ್ ಕಾರು ನಿಂತುಹೋಯಿತಂತೆ. ಆ ದಾರಿಯಲ್ಲಿ ಬಂದ ಬೈರನ್ ಕಾರ್ಟರ್ ನೆರವಿಗೆ ಇಳಿದನಂತೆ. ಅವನೂ ಕಾರು ತಯಾರಕನೇ. ಹ್ಯಾಂಡಲ್ ಹಿಂದಕ್ಕೆ ಒದ್ದು ಅವನ ದವಡೆ ಮುರಿಯಿತು. ಮುಂದೆ ನ್ಯುಮೋನಿಯಾ ತಗುಲಿ ಅವನು ತೀರಿಕೊಂಡ. ಕ್ಯಾಡಿಲಾಕ್ ಕಂಪನಿಯ ಮುಖ್ಯಸ್ಥ ಹೆನ್ರಿ ಲೇಲ್ಯಾಂಡ್ ತನ್ನ ಗೆಳೆಯನ ಸಾವಿಗೆ ಮರುಗಿ, ಇನ್ನು ನನ್ನ ಕಾರು ಯಾರನ್ನೂ ಕೊಲ್ಲಬಾರದೆಂದು ಸಂಕಲ್ಪ ಮಾಡಿದನಂತೆ. ಕಥೆ ಮನಸ್ಸಿಗೆ ಹಿಡಿಸುತ್ತದೆ. ತೊಡಕೆಂದರೆ, ಬೈರನ್ ಕಾರ್ಟರ್ ನ್ಯುಮೋನಿಯಾದಿಂದ ತೀರಿಕೊಂಡದ್ದು 1908ರ ಏಪ್ರಿಲಿನಲ್ಲಿ. ಸತ್ತವನು ಎರಡು ವರ್ಷದ ಮೇಲೆ ಸೇತುವೆಗೆ ಬಂದು ಹ್ಯಾಂಡಲ್ ಹೊಡೆಯಲಾರ. ಈ ಕಥೆ ಪುಸ್ತಕದಿಂದ ಪುಸ್ತಕಕ್ಕೆ ಹರಿದು ಬಂದದ್ದಕ್ಕೆ ನನಗೆ ತೋರುವ ಕಾರಣ ಇಷ್ಟೆ: ಸಾವಿರಾರು ಮಂದಿಯ ಮುರಿದ ಮಣಿಕಟ್ಟುಗಳಿಗೆ ಹೆಸರಿಲ್ಲ, ಮುಖವಿಲ್ಲ, ಪುರಾಣಕ್ಕೆ ಒಬ್ಬ ವ್ಯಕ್ತಿ ಬೇಕು, ಒಂದು ಬಲಿ ಬೇಕು.

ಲೇಲ್ಯಾಂಡನು ಯಾವ ಕಾರಣದಿಂದ ಮನಸ್ಸು ಮಾಡಿದ್ದರೂ, ಅವನು ಹಿಡಿದ ಮನುಷ್ಯ ಮಾತ್ರ ಸರಿಯಾದವನು. ಒಹಾಯೋ ಸಂಸ್ಥಾನದ ಹಳ್ಳಿಗಾಡಿನಲ್ಲಿ 1876ರಲ್ಲಿ ಹುಟ್ಟಿದ ಚಾರ್ಲ್ಸ್ ಕೆಟರಿಂಗ್ ದೃಷ್ಟಿಮಾಂದ್ಯದಿಂದ ಓದು ಬಿಟ್ಟು, ಟೆಲಿಫೋನ್ ತಂತಿ ಎಳೆಯುವ ಕೂಲಿಗಳ ಜೊತೆ ದುಡಿದು, ಮತ್ತೆ ಕಾಲೇಜಿಗೆ ಮರಳಿ 1904ರಲ್ಲಿ ಎಂಜಿನಿಯರಿಂಗ್ ಪದವಿ ಪಡೆದವನು. ಡೇಟನ್ ಊರಿನ ನ್ಯಾಷನಲ್ ಕ್ಯಾಷ್ ರಿಜಿಸ್ಟರ್ ಕಂಪನಿಗೆ ಸೇರಿ, ಅಂಗಡಿಯ ಗಲ್ಲಾಪೆಟ್ಟಿಗೆಗೆ ವಿದ್ಯುತ್ ಮೋಟಾರು ಅಳವಡಿಸಿದ. ಗಲ್ಲಾಪೆಟ್ಟಿಗೆಗೂ ಕಾರಿಗೂ ಏನು ಸಂಬಂಧ ಎಂದು ಕೇಳಬಹುದು. ಗುಟ್ಟು ಅಲ್ಲಿಯೇ ಇದೆ. ಗಲ್ಲಾಪೆಟ್ಟಿಗೆಯ ಮೋಟಾರು ದಿನವಿಡೀ ತಿರುಗಬೇಕಿಲ್ಲ. ಒಂದು ಕ್ಷಣ ಜೋರಾಗಿ ತಿರುಗಿ ಮಲಗಿಬಿಟ್ಟರೆ ಸಾಕು. ಕ್ಷಣಕಾಲ ದುಡಿಯುವ ಮೋಟಾರಿಗೆ ಅದರ ಶಕ್ತಿಗೆ ಮೀರಿದ ಕರೆಂಟನ್ನು ನುಗ್ಗಿಸಬಹುದು. ಸುಟ್ಟುಹೋಗುವಷ್ಟು ಬಿಸಿಯೇರುವ ಮೊದಲೇ ಅದರ ಕೆಲಸ ಮುಗಿದಿರುತ್ತದೆ. ಹಿಂದಿನವರು ಎಂಜಿನ್ನನ್ನು ಗಂಟೆಗಟ್ಟಲೆ ಸುತ್ತಿಸಬಲ್ಲ ಮೋಟಾರನ್ನು ಲೆಕ್ಕ ಹಾಕಿದ್ದರು. ಕೆಟರಿಂಗ್ ಲೆಕ್ಕ ಹಾಕಿದ್ದು ಅರೆನಿಮಿಷದ ಮೋಟಾರನ್ನು.

ಎಡ್ವರ್ಡ್ ಡೀಡ್ಸ್ ಎಂಬ ಗೆಳೆಯನ ಮನೆಯ ಕೊಟ್ಟಿಗೆಯೇ ಕಾರ್ಯಾಗಾರವಾಯಿತು. ಅವರು 1909ರಲ್ಲಿ ಕಟ್ಟಿದ ಸಂಸ್ಥೆಯೇ ಮುಂದೆ ‘ಡೆಲ್ಕೊ’ ಎಂದು ಹೆಸರಾಯಿತು. 1911ರ ಫೆಬ್ರವರಿಯಲ್ಲಿ ಸ್ಟಾರ್ಟರು ಜೋಡಿಸಿದ ಕಾರು ಲೇಲ್ಯಾಂಡನ ಮುಂದೆ ನಿಂತಿತು. 1912ರ ಮಾದರಿಯ ಕ್ಯಾಡಿಲಾಕ್ ಕಾರುಗಳು ಹ್ಯಾಂಡಲಿನ ಹಂಗಿಲ್ಲದೆ ಮಾರುಕಟ್ಟೆಗೆ ಬಂದವು. ಒಂದೇ ಯಂತ್ರ ಮೊದಲು ಮೋಟಾರಾಗಿ ಎಂಜಿನ್ನನ್ನು ಎಬ್ಬಿಸುತ್ತಿತ್ತು. ಎಂಜಿನ್ನು ಎದ್ದ ಮೇಲೆ ಡೈನಮೋ ಆಗಿ, ಖರ್ಚಾದ ವಿದ್ಯುತ್ತನ್ನು ಬ್ಯಾಟರಿಗೆ ಹಿಂದಿರುಗಿಸುತ್ತಿತ್ತು. ಸಾಲ ತಂದು ವ್ಯಾಪಾರ ಹೂಡಿ, ಲಾಭದಲ್ಲಿ ಸಾಲ ತೀರಿಸುವ ಜಾಣ್ಮೆ. ಇದೇ ಕೆಟರಿಂಗ್ ಮುಂದೆ ಜನರಲ್ ಮೋಟಾರ್ಸಿನ ಸಂಶೋಧನಾ ವಿಭಾಗದ ಮುಖ್ಯಸ್ಥನಾಗಿದ್ದಾಗ, 1921ರಲ್ಲಿ ಅವನ ಕೈಕೆಳಗಿನ ಥಾಮಸ್ ಮಿಜ್ಲಿ ಪೆಟ್ರೋಲಿಗೆ ಸೀಸ ಬೆರೆಸುವ ಉಪಾಯ ಕಂಡುಹಿಡಿದ. ಆ ವಿಷ ನಮ್ಮ ದೇಶದ ಪೆಟ್ರೋಲಿನಿಂದ ತೊಲಗಿದ್ದು 2000ದಲ್ಲಿ. ಮಣಿಕಟ್ಟುಗಳನ್ನು ಉಳಿಸಿದವನ ಲೆಕ್ಕದಲ್ಲಿ ಇದನ್ನೂ ಬರೆಯಬೇಕಾಗುತ್ತದೆ.

ಸ್ಟಾರ್ಟರಿನ ಸಾಮಾಜಿಕ ಪರಿಣಾಮ ದೊಡ್ಡದು. ಅಲ್ಲಿಯವರೆಗೆ ಅಮೆರಿಕದ ನಗರಗಳಲ್ಲಿ ಬ್ಯಾಟರಿಯಿಂದಲೇ ಓಡುವ ವಿದ್ಯುತ್ ಕಾರುಗಳಿಗೆ ಒಳ್ಳೆಯ ಬೇಡಿಕೆಯಿತ್ತು. ಹ್ಯಾಂಡಲ್ ಹೊಡೆಯುವ ಗೋಜಿಲ್ಲವೆಂದು ಅವನ್ನು ಹೆಂಗಸರ ಕಾರೆಂದು ಮಾರುತ್ತಿದ್ದರು. ಪೆಟ್ರೋಲ್ ಕಾರುಗಳ ಚಕ್ರವರ್ತಿ ಹೆನ್ರಿ ಫೋರ್ಡನ ಹೆಂಡತಿ ಕ್ಲಾರಾ ಓಡಿಸುತ್ತಿದ್ದದ್ದು 1914ರ ‘ಡೆಟ್ರಾಯಿಟ್ ಎಲೆಕ್ಟ್ರಿಕ್’ ಎಂಬ ವಿದ್ಯುತ್ ಕಾರನ್ನು. ಸ್ಟಾರ್ಟರು ಬಂದ ಮೇಲೆ ಆ ಒಂದು ಹೆಚ್ಚುಗಾರಿಕೆ ಹೋಯಿತು. ಅಗ್ಗದ ಪೆಟ್ರೋಲು, ಅಗ್ಗದ ಫೋರ್ಡ್ ಕಾರು, ದೂರದ ರಸ್ತೆಗಳು, ಇವೂ ಕಾರಣಗಳೇ. ಆದರೂ ವಿದ್ಯುತ್ ಕಾರಿನ ಬೇರು ಕಡಿದ ಕೊಡಲಿಗಳಲ್ಲಿ ಒಂದು ವಿದ್ಯುತ್ ಮೋಟಾರೇ ಆಗಿತ್ತು. ಹಳ್ಳಿಗೆ ಈ ಸೌಕರ್ಯ ತಡವಾಗಿ ತಲುಪಿತು. ಫೋರ್ಡನ ಮಾಡೆಲ್ ಟಿ ಕಾರಿಗೆ ಸ್ಟಾರ್ಟರು ದೊರೆತದ್ದು 1919ರಲ್ಲಿ, ಅದೂ ಮೊದಲು ಮುಚ್ಚಿದ ಮೈಯ ದುಬಾರಿ ಮಾದರಿಗಳಿಗೆ. ಅಲ್ಲಿಯವರೆಗೆ ರೈತರು ಕಾರಿನ ಹಿಂಭಾಗವನ್ನು ಕತ್ತರಿಸಿ ಮರದ ಪೆಟ್ಟಿಗೆ ಕೂರಿಸಿ ತಾವೇ ಪಿಕಪ್ಪು ಮಾಡಿಕೊಳ್ಳುತ್ತಿದ್ದರು. ಫೋರ್ಡ್ ಕಾರ್ಖಾನೆಯೇ ಸಿದ್ಧ ತೊಟ್ಟಿಯ ಪಿಕಪ್ಪನ್ನು ಹೊರತಂದದ್ದು 1925ರಲ್ಲಿ.

ಭಾಷೆಯ ಬಗೆಗೆ ಒಂದು ಮಾತು. ತಾನೇ ಹೊರಡಿಸಿಕೊಳ್ಳುವುದು ಎಂಬರ್ಥದಲ್ಲಿ ಅಮೆರಿಕನ್ನರು ಇದನ್ನು ‘ಸೆಲ್ಫ್ ಸ್ಟಾರ್ಟರ್’ ಎಂದರು. ಮುಂದೆ ಅವರೇ ‘ಸೆಲ್ಫ್’ ಬಿಟ್ಟು ‘ಸ್ಟಾರ್ಟರ್’ ಉಳಿಸಿಕೊಂಡರು. ನಮ್ಮ ಚಾಲಕರು ಮಾಡಿದ್ದು ಅದರ ತಿರುಗುಮುರುಗು: ‘ಸ್ಟಾರ್ಟರ್’ ಬಿಟ್ಟು ‘ಸೆಲ್ಫ್’ ಉಳಿಸಿಕೊಂಡರು. “ಸೆಲ್ಫ್ ತಗೊಳ್ತಾ ಇಲ್ಲ ಸಾರ್” ಎಂದು ಕನ್ನಡದ ಡ್ರೈವರು ಹೇಳುವಾಗ, 1910ರ ದಶಕದ ಡೆಟ್ರಾಯಿಟಿನ ಜಾಹೀರಾತಿನ ಪದವೊಂದು ನಮ್ಮ ಹೆದ್ದಾರಿಯ ಪಕ್ಕದಲ್ಲಿ ಇನ್ನೂ ಉಸಿರಾಡುತ್ತಿರುತ್ತದೆ. ವೇದಾಂತದಲ್ಲಿ ‘ಸ್ವ’ದ ಶೋಧ ಎಷ್ಟು ಕಷ್ಟವೋ ಗ್ಯಾರೇಜಿನಲ್ಲಿಯೂ ಅಷ್ಟೇ.

ಮೋಟಾರು ಬಂದ ಮೇಲೆ ಅದರ ಹಿಂದೆ ಉಳಿದ ಸೇವಕರು ಬಂದರು. ಮೋಟಾರಿನ ಪುಟ್ಟ ಹಲ್ಲುಗಾಲಿ ಎಂಜಿನ್ನಿನ ದೊಡ್ಡ ಚಕ್ರದ ಹಲ್ಲಿಗೆ ಕಚ್ಚಬೇಕು. ಎಂಜಿನ್ನು ಎದ್ದೊಡನೆ ಬಿಡಿಸಿಕೊಂಡು ಹಿಂದೆ ಸರಿಯಬೇಕು. ಸರಿಯದಿದ್ದರೆ ಎಂಜಿನ್ನೇ ಮೋಟಾರನ್ನು ಸುತ್ತಿಸಿ ಚೂರು ಮಾಡುತ್ತದೆ. ಈ ಕಚ್ಚುವ, ಬಿಡುವ ಕೆಲಸವನ್ನು ತಿರುಪಿನ ದಿಂಡಿನ ಮೇಲೆ ತಾನಾಗಿ ಜಾರುವಂತೆ ಮಾಡಿ ಹೆಸರು ಗಳಿಸಿದವನು ವಿನ್ಸೆಂಟ್ ಬೆಂಡಿಕ್ಸ್. ಆಮೇಲೆ ಕರೆಂಟಿನ ಪ್ರಶ್ನೆ. ಸ್ಟಾರ್ಟರು ಕುಡಿಯುವ ಕರೆಂಟು ನೂರು, ಇನ್ನೂರು ಆಂಪಿಯರ್. ಅದಕ್ಕೆ ಹೆಬ್ಬೆರಳು ಗಾತ್ರದ ತಂತಿ ಬೇಕು. ಮೊದಲಲ್ಲಿ ಚಾಲಕ ಕಾಲಿನಿಂದ ಒಂದು ದಪ್ಪ ಸ್ವಿಚ್ಚನ್ನು ಮೆಟ್ಟುತ್ತಿದ್ದ. ಅದರ ಬದಲು ಬೆರಳ ತುದಿಯ ಸಣ್ಣ ಕರೆಂಟು ಹೋಗಿ ದೊಡ್ಡ ಕರೆಂಟಿನ ಬಾಗಿಲು ತೆರೆಯುವಂತಾದರೆ? ಅದಕ್ಕೆ ಬಂದದ್ದು ಸೊಲೆನಾಯ್ಡ್, ಅಂದರೆ ತಂತಿಯ ಸುರುಳಿಯೊಳಗೆ ಓಡಾಡುವ ಕಬ್ಬಿಣದ ಗೂಟ. ಸುರುಳಿಗೆ ಕರೆಂಟು ಹರಿದೊಡನೆ ಅದು ಅಯಸ್ಕಾಂತವಾಗಿ ಗೂಟವನ್ನು ಎಳೆದುಕೊಳ್ಳುತ್ತದೆ. ಗೂಟ ಹೋಗಿ ಎರಡು ತಾಮ್ರದ ಮೊಳೆಗಳನ್ನು ಕೂಡಿಸುತ್ತದೆ. ಗೂಟ ಬಡಿದ ಆ ಪೆಟ್ಟೇ ನಮ್ಮ ‘ಕಟ್’. 1949ರಲ್ಲಿ ಕ್ರೈಸ್ಲರ್ ಕಂಪನಿ ಬೀಗದ ಕೈಯನ್ನು ತಿರುವಿದರೇ ಸ್ಟಾರ್ಟರು ಓಡುವಂತೆ ಮಾಡಿದ ಮೇಲೆ, ಚಾಲಕನ ಪಾಲಿಗೆ ಈ ಸಾಲೆಲ್ಲ ಅದೃಶ್ಯವಾಯಿತು.

ಈ ಸದ್ದಿನ ವಂಶ ಮೋಟಾರಿಗಿಂತ ಹಳೆಯದು. ಸುರುಳಿಗೆ ಗ್ರೀಕಿನ ‘ಕೊಳವೆ’ ಎಂಬ ಪದದಿಂದ ಸೊಲೆನಾಯ್ಡ್ ಎಂದು ಹೆಸರಿಟ್ಟವನು ಫ್ರಾನ್ಸಿನ ಆಂಪಿಯರ್. ಸಣ್ಣ ಕರೆಂಟು ದೊಡ್ಡದನ್ನು ಕರೆಯುವ ಉಪಾಯ ಟೆಲಿಗ್ರಾಫಿನದು. ಸ್ಯಾಮ್ಯುಯೆಲ್ ಮೋರ್ಸನ ಯಂತ್ರ 1844ರಲ್ಲಿ ವಾಷಿಂಗ್ಟನ್ನಿಗೂ ಬಾಲ್ಟಿಮೋರಿಗೂ ನಡುವೆ ಸುದ್ದಿ ಸಾಗಿಸಿದಾಗ ಅದು ಕಾಗದದ ಪಟ್ಟಿಯ ಮೇಲೆ ಗುರುತು ಒತ್ತುತ್ತಿತ್ತು. ಆದರೆ ಕೆಲಸಗಾರರು ಬಹುಬೇಗ ಕಾಗದವನ್ನು ನೋಡುವುದನ್ನೇ ಬಿಟ್ಟರು. ಅಯಸ್ಕಾಂತದ ಸದ್ದನ್ನು ಕೇಳಿಯೇ ಪತ್ರ ಬರೆದುಕೊಳ್ಳುತ್ತಿದ್ದರು. ‘ಕಟ್’ ಎಂಬುದನ್ನು ಭಾಷೆಯೆಂದು ಓದುವ ವಿದ್ಯೆಗೆ ಹೀಗೊಂದು ಪರಂಪರೆಯಿದೆ.

ಈಗ ನಮ್ಮ ರೈತನ ಅಂಗಳಕ್ಕೆ ಮರಳೋಣ. ಮೊದಲ ಪ್ರಶ್ನೆ, ಸದ್ದು ಒಂದೇ ಸಲ ಬಂತೆ, ಅಥವಾ ‘ಕಟಕಟಕಟ’ ಎಂದು ಹಲ್ಲು ಕಡಿದಂತೆ ಬಂತೆ? ಹಲ್ಲು ಕಡಿದರೆ ಬ್ಯಾಟರಿ ಬಡವಾಗಿದೆ ಎಂದು ಬಹುಮಟ್ಟಿಗೆ ನಂಬಬಹುದು. ಸೊಲೆನಾಯ್ಡಿಗೆ ಕರೆಂಟು ಸ್ವಲ್ಪ ಸಾಕು. ಅದು ಬಾಗಿಲು ತೆರೆಯುತ್ತದೆ. ತೆರೆದೊಡನೆ ಸ್ಟಾರ್ಟರು ನೂರಾರು ಆಂಪಿಯರಿಗೆ ಬಾಯಿ ಹಾಕುತ್ತದೆ. ಬ್ಯಾಟರಿಯ ವೋಲ್ಟು ಕುಸಿಯುತ್ತದೆ. ಸೊಲೆನಾಯ್ಡಿನ ಅಯಸ್ಕಾಂತ ಸಡಿಲಿ ಬಾಗಿಲು ಮುಚ್ಚುತ್ತದೆ. ಮುಚ್ಚಿದೊಡನೆ ಭಾರ ಇಳಿದು ವೋಲ್ಟು ಏರುತ್ತದೆ, ಬಾಗಿಲು ಮತ್ತೆ ತೆರೆಯುತ್ತದೆ. ತುಂಬಿದ ಬ್ಯಾಟರಿ ವಿಶ್ರಾಂತಿಯಲ್ಲಿ 12.6 ವೋಲ್ಟು ತೋರಿಸಬೇಕು. ಸ್ಟಾರ್ಟರು ತಿರುಗುವಾಗಲೂ 9.6ಕ್ಕಿಂತ ಕೆಳಗಿಳಿಯಬಾರದು. ಚಳಿಯಲ್ಲಿ ಎರಡು ಕಡೆಯ ಪೆಟ್ಟು: ಸೀಸ ಮತ್ತು ಆಮ್ಲದ ಬ್ಯಾಟರಿ ಮಂಕಾಗುತ್ತದೆ, ಎಂಜಿನ್ನಿನ ಎಣ್ಣೆ ಗಟ್ಟಿಯಾಗುತ್ತದೆ. ಶಕ್ತಿ ಕಡಿಮೆಯಾದ ಹೊತ್ತಿನಲ್ಲಿಯೇ ಕೆಲಸ ಹೆಚ್ಚು. 1950ರ ದಶಕದ ನಡುವಿನಲ್ಲಿ ಅಮೆರಿಕದ ಪಿಕಪ್ಪುಗಳು 6 ವೋಲ್ಟಿನಿಂದ 12ಕ್ಕೆ ಜಿಗಿದದ್ದಕ್ಕೆ ಹೆಚ್ಚು ಒತ್ತಡದ ಎಂಟು ಉರುಳೆಯ ಎಂಜಿನ್ನುಗಳನ್ನು ಎಬ್ಬಿಸಬೇಕಾದ ಕಷ್ಟವೂ ಒಂದು ಕಾರಣ.

“ದೀಪ ಚೆನ್ನಾಗಿಯೇ ಉರಿಯುತ್ತಿದೆ, ಆದ್ದರಿಂದ ಬ್ಯಾಟರಿ, ತಂತಿ ಎಲ್ಲ ಸರಿ” ಎಂಬ ತರ್ಕ ಬಹಳ ಜನರನ್ನು ದಾರಿ ತಪ್ಪಿಸಿದೆ. ಬ್ಯಾಟರಿಯ ಕೊಂಬಿಗೂ ತಂತಿಯ ಹಿಡಿಗೂ ನಡುವೆ ಕಿಲುಬು ಕೂತು, ಓಮಿನ ನೂರರಲ್ಲಿ ಐದು ಪಾಲು ತಡೆ ಹುಟ್ಟಿದೆ ಎನ್ನಿ. ಮುಂದಿನ ಎರಡು ದೀಪಗಳಿಗೆ ಒಂಬತ್ತು ಆಂಪಿಯರ್ ಸಾಕು. ಆ ತಡೆಯಲ್ಲಿ ಅರ್ಧ ವೋಲ್ಟೂ ನಷ್ಟವಾಗದು, ದೀಪ ಮಂಕಾದದ್ದು ಕಣ್ಣಿಗೆ ಕಾಣದು. ಅದೇ ತಡೆಯ ಮೂಲಕ ಸ್ಟಾರ್ಟರಿನ 150 ಆಂಪಿಯರ್ ಹರಿಸಹೊರಟರೆ ಏಳೂವರೆ ವೋಲ್ಟು ಅಲ್ಲಿಯೇ ಕರಗಿಹೋಗುತ್ತದೆ. ಹನಿ ನೀರು ಇಳಿಯುವ ತೂತಿನಲ್ಲಿ ಹೊಳೆ ಇಳಿಯಲಾರದು. ಬ್ಯಾಟರಿಯ ಕೊಂಬಿನ ಮೇಲೊಂದು, ತಂತಿಯ ಹಿಡಿಯ ಮೇಲೊಂದು ಮೀಟರಿನ ಮುಳ್ಳನ್ನಿಟ್ಟು, ಇನ್ನೊಬ್ಬರಿಂದ ಬೀಗದ ಕೈ ತಿರುವಿಸಿದರೆ ಈ ಕಳ್ಳ ಸಿಕ್ಕಿಬೀಳುತ್ತಾನೆ. ಶಿಕ್ಷೆಯೂ ಅಗ್ಗ: ಅಡುಗೆ ಸೋಡದ ನೀರು, ತಂತಿಯ ಕುಂಚ. ಎಂಜಿನ್ನಿನಿಂದ ಚೌಕಟ್ಟಿಗೆ ಹೋಗುವ ನೆಲತಂತಿಯನ್ನೂ ಹಾಗೆಯೇ ನೋಡಬೇಕು. ಹೋದ ಕರೆಂಟು ಹಿಂದಿರುಗಿ ಬರುವ ದಾರಿಯನ್ನು ಜನ ಮರೆಯುತ್ತಾರೆ.

ಸದ್ದು ಎಲ್ಲಿಂದ ಬಂತು ಎಂಬುದು ಎರಡನೆಯ ಪ್ರಶ್ನೆ. ಹಳೆಯ ಫೋರ್ಡ್ ಎಫ್-100 ಪಿಕಪ್ಪುಗಳಲ್ಲಿ ಈ ಬಾಗಿಲು ಕಾಯುವವನು ಬ್ಯಾಟರಿಯ ಸಮೀಪ, ಮಡ್‌ಗಾರ್ಡಿನ ಒಳಮೈಯ ಮೇಲೆ ಕೂತಿರುತ್ತಿದ್ದ. ಷೆವ್ರೊಲೆಯವರು ಅವನನ್ನು ಸ್ಟಾರ್ಟರಿನ ಬೆನ್ನ ಮೇಲೆಯೇ ಕೂರಿಸಿದರು. ಅಲ್ಲಿ ಹೊಗೆಕೊಳವೆಯ ಕಾವು ತಾಗುತ್ತದೆ. ಬೆಳಗ್ಗೆ ಚಳಿಯಲ್ಲಿ ಎದ್ದ ಟ್ರಕ್ಕು, ಮಧ್ಯಾಹ್ನ ಪೇಟೆಯಲ್ಲಿ ಹತ್ತು ನಿಮಿಷ ನಿಂತ ಮೇಲೆ ‘ಕಟ್’ ಎಂದು ಸುಮ್ಮನಾಗುವ ಷೆವ್ರೊಲೆ ಜಾತಿಯ ಕಾಯಿಲೆ ಬಂದದ್ದು ಈ ನೆರೆಹೊರೆಯಿಂದ.

ಬ್ಯಾಟರಿ ಸರಿ, ತಂತಿ ಸರಿ, ಆದರೂ ಒಂದೇ ಒಂದು ಗಟ್ಟಿ ‘ಕಟ್’ ಎಂದಾದರೆ ಸಂಶಯ ಮುಂದಕ್ಕೆ ಸರಿಯುತ್ತದೆ: ಸೊಲೆನಾಯ್ಡಿನ ತಾಮ್ರದ ಮೊಳೆಗಳು ಸುಟ್ಟಿರಬಹುದು, ಮೋಟಾರಿನ ಇದ್ದಿಲ ಕುಂಚಗಳು ಸವೆದಿರಬಹುದು. ಸ್ಟಾರ್ಟರಿಗೆ ಸುತ್ತಿಗೆಯ ಹಿಡಿಯಿಂದ ಹಗುರಾಗಿ ತಟ್ಟಿದರೆ ಕೆಲವು ಸಲ ಅದು ಏಳುತ್ತದೆ. ಹಾಗೆ ಎದ್ದದ್ದನ್ನು ವಾಸಿಯಾಯಿತು ಎಂದು ತಿಳಿಯಬಾರದು. ಅದು ರೋಗವನ್ನು ಒಪ್ಪಿಕೊಂಡದ್ದು. ಕೊನೆಯ ಮತ್ತು ಭಯಂಕರವಾದ ಸಾಧ್ಯತೆ, ಸ್ಟಾರ್ಟರಿನಲ್ಲಿ ದೋಷವೇ ಇಲ್ಲದೆ ಎಂಜಿನ್ನೇ ಸೆಟೆದು ನಿಂತಿರುವುದು. ಉರುಳೆಯೊಳಗೆ ನೀರಿಳಿದರೂ ಹೀಗಾಗುತ್ತದೆ. ನೀರನ್ನು ಅದುಮಲು ಬಾರದು. ಇದನ್ನು ತಿಳಿಯಲು ಬಲ್ಲ ಮೆಕ್ಯಾನಿಕ್ಕು ಮಾಡುವುದನ್ನು ನೋಡಿ. ಬ್ಯಾಟರಿಯ ತಂತಿ ಬಿಚ್ಚಿ, ಎಂಜಿನ್ನಿನ ಮುಂದೆ ಹೋಗಿ, ಅದರ ದಿಂಡಿನ ತುದಿಯ ಬೋಲ್ಟಿಗೆ ಉದ್ದನೆಯ ಸ್ಪ್ಯಾನರ್ ಕೂರಿಸಿ, ಕೈಯಿಂದ ನಿಧಾನವಾಗಿ ತಿರುಗಿಸುತ್ತಾನೆ. ಹ್ಯಾಂಡಲ್ ಇದ್ದ ಜಾಗವೇ ಅದು. ನೂರು ವರ್ಷದ ಸೇವಕರ ಸಾಲನ್ನೆಲ್ಲ ಬದಿಗೆ ಸರಿಸಿ, ತೋಳು ಮತ್ತೆ ನಾಡಿ ಹಿಡಿಯುತ್ತದೆ. ಎರಡು ಪೂರ್ಣ ಸುತ್ತು ತಿರುಗಿದರೆ ಎಂಜಿನ್ನು ಬದುಕಿದೆ, ಸ್ಟಾರ್ಟರನ್ನು ಬಿಚ್ಚಬಹುದು. ತಿರುಗದಿದ್ದರೆ ಆ ರೈತನ ವರ್ಷದ ಲೆಕ್ಕವೇ ಬೇರೆಯಾಗುತ್ತದೆ.

ಗೇರನ್ನು ಕೈಯಲ್ಲಿ ಹಾಕುವ ಟ್ರಕ್ಕಾದರೆ ನಾಲ್ಕು ಜನ ತಳ್ಳಿ ಎಬ್ಬಿಸಬಹುದಿತ್ತು. ತಾನಾಗಿ ಗೇರು ಬದಲಿಸುವ ಟ್ರಕ್ಕುಗಳಲ್ಲಿ ಚಕ್ರಕ್ಕೂ ಎಂಜಿನ್ನಿಗೂ ನಡುವೆ ಎಣ್ಣೆಯ ಸಂಬಂಧವಷ್ಟೇ ಇರುವುದರಿಂದ, ಇಂದಿನ ಯಾವುದನ್ನೂ ತಳ್ಳಿ ಪ್ರಯೋಜನವಿಲ್ಲ. ನೆರೆಯವನ ಬ್ಯಾಟರಿಯಿಂದ ಸಾಲ ಪಡೆಯುವುದೊಂದೇ ದಾರಿ. ಆಗ ಕೊನೆಯ ತಂತಿಯನ್ನು ಸತ್ತ ಬ್ಯಾಟರಿಗೇ ಹಚ್ಚದೆ, ದೂರದಲ್ಲಿ ಎಂಜಿನ್ನಿನ ಕಬ್ಬಿಣಕ್ಕೆ ಹಚ್ಚಬೇಕು. ಬ್ಯಾಟರಿಯಿಂದ ಹೊಮ್ಮುವ ಜಲಜನಕಕ್ಕೆ ಒಂದು ಕಿಡಿ ಸಾಕು.

2022ರಲ್ಲಿ ಫೋರ್ಡ್ ಕಂಪನಿ ತನ್ನ ಪಿಕಪ್ಪಿನ ವಿದ್ಯುತ್ ಅವತಾರವೊಂದನ್ನು ಮಾರುಕಟ್ಟೆಗೆ ತಂದಿತು. ಅದರಲ್ಲಿ ಎಬ್ಬಿಸಬೇಕಾದ ಎಂಜಿನ್ನಿಲ್ಲ, ಸ್ಟಾರ್ಟರೂ ಇಲ್ಲ. ಆದರೆ ಅಂಥ ವಾಹನಗಳ ದೊಡ್ಡ ಬ್ಯಾಟರಿಯ ಬಾಗಿಲನ್ನು ಅಯಸ್ಕಾಂತದ ಸ್ವಿಚ್ಚುಗಳೇ ಕಾಯುತ್ತವೆ. ಆ ಸ್ವಿಚ್ಚುಗಳನ್ನು ಎಳೆಯಲು 12 ವೋಲ್ಟಿನ ಹಳೆಯ ಪುಟ್ಟ ಬ್ಯಾಟರಿಯೇ ಬೇಕು. ಅದು ಬರಿದಾದ ಬೆಳಗ್ಗೆ ದೊಡ್ಡ ಬ್ಯಾಟರಿ ತುಂಬಿದ್ದರೂ ಟ್ರಕ್ಕು ಕಣ್ಣು ತೆರೆಯುವುದಿಲ್ಲ. ಎಲ್ಲ ಸರಿಯಿದ್ದಾಗ ಗುಂಡಿ ಒತ್ತಿದರೆ ಅದರ ಹೊಟ್ಟೆಯೊಳಗಿನಿಂದಲೂ ‘ಕಟ್’ ಎಂಬ ಸದ್ದು ಕೇಳುತ್ತದೆ.